ಪೆಟ್ಟಿಗೆ ಬರುವ ಮೊದಲು

ಕಳೆದ ವಾರ ಹತ್ತನೆಯ ತರಗತಿಯ ಹುಡುಗನೊಬ್ಬ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದ. ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಭಾಗಾಕಾರ ಇತ್ತು. “ಹದಿನೇಳು ಸಾವಿರಕ್ಕೆ ಎಪ್ಪತ್ತನಾಲ್ಕು ಬೊಂಬೆ ಬರ್ತದೆ ಸರ್. ಒಂದಕ್ಕೆ ಇನ್ನೂರ ಮೂವತ್ತು ಬಿತ್ತು. ಜಾಸ್ತಿಯಾ ಸರ್?”

ಭಾಗಾಕಾರ ಸರಿಯಾಗಿಯೇ ಇತ್ತು. ಆದರೆ ಅವನು ಕೇಳಿದ ಪ್ರಶ್ನೆಗೆ ಅಷ್ಟರಿಂದ ಉತ್ತರ ಸಿಗುವುದಿಲ್ಲ. ನಮ್ಮ ತುಳುನಾಡಿನ ಕುಂಜತ್ತೂರಿನಲ್ಲಿ ಕುಳಿತು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ಬರುವ ಒಂದು ಆಟದ ಪೆಟ್ಟಿಗೆಗಾಗಿ ಆಸೆಪಡುವ ಮಕ್ಕಳು ಈಗ ಒಬ್ಬಿಬ್ಬರಲ್ಲ. ಅವರ ಅಪ್ಪ ಅಮ್ಮಂದಿರಿಗೆ ಇದು ಯಾವ ಆಟ, ಇದಕ್ಕೇಕೆ ಇಷ್ಟು ಹಣ ಎಂದು ತಿಳಿಯುವುದಿಲ್ಲ. ಇಬ್ಬರಿಗೂ ಒಟ್ಟಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಮೊದಲಿನಿಂದ ಶುರುಮಾಡೋಣ.

ಒಂದು ದೊಡ್ಡ ಮೇಜು. ಅದರ ಮೇಲೆ ಗುಡ್ಡ, ಕಾಡು, ಮುರಿದ ಕೋಟೆಗೋಡೆಯ ಪುಟ್ಟ ಮಾದರಿಗಳು. ಎರಡು ಕಡೆಯಲ್ಲಿ ಎರಡು ಸೈನ್ಯ. ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಬೊಂಬೆ. ಅದನ್ನು ಬಿಡಿಬಿಡಿ ತುಂಡುಗಳಿಂದ ಜೋಡಿಸಿ, ಅಂಟಿಸಿ, ಬಣ್ಣ ಹಚ್ಚಿದವರು ಆಡುವವರೇ. ಚದುರಂಗದಂತೆ ಇಲ್ಲಿ ಮನೆಗಳಿಲ್ಲ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಬೊಂಬೆಯನ್ನು ನಡೆಸಬೇಕು. ಬಾಣ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇದೇ ಮಿನಿಯೇಚರ್ ವಾರ್‌ಗೇಮ್, ಅಂದರೆ ಪುಟ್ಟ ಬೊಂಬೆಗಳ ಯುದ್ಧದಾಟ. ಇತಿಹಾಸದ ಕಾಳಗಗಳನ್ನು ಆಡುವವರಿದ್ದಾರೆ. ರಾಕ್ಷಸರು, ಮಾಂತ್ರಿಕರು, ಹಾರುವ ಹಾವುಗಳಿರುವ ಕಲ್ಪನೆಯ ಲೋಕದ ಯುದ್ಧಗಳನ್ನು ಆಡುವವರು ಅದಕ್ಕಿಂತ ಹೆಚ್ಚು. ನಮ್ಮ ಹುಡುಗರ ಕಣ್ಣು ಈ ಎರಡನೆಯದರ ಮೇಲಿದೆ.

ಇದು ಹೊರಗಿನದು, ನಮಗೆ ಸಂಬಂಧವಿಲ್ಲದ್ದು ಎಂದು ಹೇಳುವವರಿಗೆ ಚದುರಂಗ ಎಂಬ ಪದವನ್ನೇ ಬಿಡಿಸಿ ತೋರಿಸುತ್ತೇನೆ. ಚತುರ್ ಅಂಗ: ರಥ, ಆನೆ, ಕುದುರೆ, ಕಾಲಾಳು. ಸೈನ್ಯದ ನಾಲ್ಕು ಅಂಗಗಳನ್ನು ಮಣೆಯ ಮೇಲಿಟ್ಟು ಆಡಿದ ದೇಶ ನಮ್ಮದು. ಆ ಆಟ ಪರ್ಷಿಯಾ ದಾಟಿ ಯೂರೋಪು ತಲುಪಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು ಚದುರಂಗದ ಮಣೆಯನ್ನು ಹಿಗ್ಗಿಸಿ, ಮನೆಗಳಿಗೆ ನದಿ, ಬೆಟ್ಟ, ಊರುಗಳ ಬಣ್ಣ ಕೊಟ್ಟು, ತನ್ನ ವಿದ್ಯಾರ್ಥಿಗಳಿಗೆ ಯುದ್ಧದ ವಿದ್ಯೆ ಕಲಿಸಲು ಹೊಸ ಆಟ ಕಟ್ಟಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಮನೆಗಳನ್ನೇ ಕೈಬಿಟ್ಟು ನಿಜವಾದ ಭೂಪಟದ ಮೇಲೆ ದಾಳ ಹಾಕಿ ಆಡಿಸಿದ. ಅದರ ಹೆಸರು ಕ್ರೀಗ್‌ಶ್ಪೀಲ್. ಅರ್ಥ ಯುದ್ಧದಾಟ ಎಂದೇ. ಅದನ್ನು ಸೈನ್ಯದ ತರಬೇತಿಗೂ ಬಳಸಿದರು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಈ ಆಟವನ್ನು ಮನೆಯ ನೆಲದ ಮೇಲೆ ತಂದ. 1971ರಲ್ಲಿ ಅಮೆರಿಕದಲ್ಲಿ ಬಂದ ‘ಚೈನ್‌ಮೇಲ್’ ನಿಯಮಪುಸ್ತಕದ ಕೊನೆಗೆ ಮಾಂತ್ರಿಕರೂ ಡ್ರ್ಯಾಗನ್‌ಗಳೂ ಸೇರಿಕೊಂಡರು. 1983ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ‘ವಾರ್‌ಹ್ಯಾಮರ್’ ಹೊರತಂದಿತು. ಇವತ್ತಿನ ಪೆಟ್ಟಿಗೆ ಆ ಬೇರಿನದೇ ಚಿಗುರು.

ನಮ್ಮ ಕಡೆಯ ಒಂದು ಕೊಂಬೆಯನ್ನೂ ಹೇಳಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೇ ರಚಿಸಿದವರು. ಅವರ ಆಟಗಳ ಚಿತ್ರಗಳು ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಕುಶಲಕರ್ಮಿಗಳ ಕೈಯಲ್ಲಿ ಮತ್ತೆ ಮಾಡಿಸಿ ಜನರ ಮುಂದೆ ಇಟ್ಟಿದೆ. ಇನ್ನು ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳು ಬಂದರೆ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಹದಿನಾಲ್ಕು ಗುಳಿ, ಒಂದು ಹಿಡಿ ಮಂಜೊಟ್ಟಿ ಬೀಜ. ಹೊರಗೆ ಜಡಿಮಳೆ ಸುರಿಯುವಾಗ ಒಳಗೆ ಎದುರಾಳಿಯ ಕೈ ನೋಡುತ್ತಾ ಲೆಕ್ಕ ಹಾಕುವ ಸುಖ ನಮಗೆ ಹೊಸದಲ್ಲ.

ಈಗ ಆಟದೊಳಗೆ ಇಳಿಯೋಣ. ಮೊದಲು ಸೈನ್ಯ ಕಟ್ಟುವುದು. ಇಲ್ಲಿ ಯಾರೂ ಮನಸ್ಸಿಗೆ ಬಂದಷ್ಟು ಬೊಂಬೆ ತರುವಂತಿಲ್ಲ. ಪ್ರತಿ ತುಕಡಿಗೂ ಇಷ್ಟು ಪಾಯಿಂಟು ಎಂಬ ಬೆಲೆಯಿದೆ. ಇಬ್ಬರೂ ಸೇರಿ 1,000 ಎಂದೋ 2,000 ಎಂದೋ ಮೊದಲೇ ಮಾತಾಡಿಕೊಂಡು, ಆ ಮಿತಿಯೊಳಗೆ ತಮ್ಮ ಪಡೆಯನ್ನು ಆರಿಸಬೇಕು. ಯಕ್ಷಗಾನ ಪ್ರಸಂಗ ನೋಡಿ ಬೆಳೆದವರಿಗೆ ಇದನ್ನು ಅಕ್ಷೌಹಿಣಿಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದನ್ನು ಮೂರರಿಂದ ಏಳು ಸಲ ಗುಣಿಸಿ, ಕೊನೆಗೆ ಹತ್ತರಿಂದ ಗುಣಿಸಿದರೆ ಅಕ್ಷೌಹಿಣಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಒಂದು ರಥಕ್ಕೆ ಎಷ್ಟು ಕಾಲಾಳು ಸಮ, ಯಾವುದು ಎಷ್ಟಿದ್ದರೆ ಸೈನ್ಯ ಸೈನ್ಯವೆನಿಸುತ್ತದೆ ಎಂಬ ಯೋಚನೆ ಮಹಾಭಾರತದಲ್ಲೇ ಇದೆ. ಪಾಯಿಂಟು ಎಂದರೆ ಆ ಯೋಚನೆಯೇ, ಅಷ್ಟೆ.

ಆಮೇಲೆ ಸರದಿ. ಹಲವು ಆಟಗಳಲ್ಲಿ ಒಂದು ಸರದಿಯೊಳಗೆ ನಡೆಯುವುದು, ಬಾಣ ಬಿಡುವುದು, ಮೇಲೆ ನುಗ್ಗುವುದು, ಕೈಗೆ ಕೈ ಕಾದುವುದು ಈ ಕ್ರಮದಲ್ಲಿ ಬರುತ್ತವೆ. ದಾಳದ ಕೆಲಸವನ್ನು ಒಂದು ಉದಾಹರಣೆಯಿಂದ ತಿಳಿದುಕೊಳ್ಳಿ. ಪೆನ್ಸಿಲು ಹಿಡಿದುಕೊಂಡು ಓದಿದರೆ ಒಳ್ಳೆಯದು. ಹತ್ತು ಬಿಲ್ಲುಗಾರರು ಬಾಣ ಬಿಡುತ್ತಾರೆ. ಹತ್ತು ದಾಳ ಹಾಕಿ. ನಾಲ್ಕು ಅಥವಾ ಹೆಚ್ಚು ಬಿದ್ದರೆ ಬಾಣ ತಾಗಿತು. ಆರರಲ್ಲಿ ಮೂರು ಮುಖ, ಅಂದರೆ ಅರ್ಧ. ಸರಾಸರಿ ಐದು ಬಾಣ ತಾಗುತ್ತವೆ. ತಾಗಿದ್ದೆಲ್ಲ ಗಾಯ ಮಾಡುವುದಿಲ್ಲ. ಆ ಐದು ದಾಳಗಳನ್ನು ಮತ್ತೆ ಹಾಕಿ. ಪುನಃ ನಾಲ್ಕು ಅಥವಾ ಹೆಚ್ಚು ಬೇಕು. ಉಳಿದದ್ದು ಎರಡೂವರೆ. ಈಗ ಎದುರಾಳಿ ಕವಚದ ದಾಳ ಹಾಕುತ್ತಾನೆ. ಅವನಿಗೆ ಐದೋ ಆರೋ ಬಿದ್ದರೆ ಬಾಣ ಕವಚಕ್ಕೆ ಬಡಿದು ಬಿತ್ತು. ಮೂರರಲ್ಲಿ ಒಂದು ಪಾಲು ಹಾಗೆ ಹೋಗುತ್ತದೆ. ಕೊನೆಗೆ ಹತ್ತು ಬಿಲ್ಲಿನಿಂದ ಸಾಯುವವರು ಸರಾಸರಿ 1.67, ಎಂದರೆ ಇಬ್ಬರಿಗಿಂತ ಕಡಿಮೆ. ಹೊಸಬರು ಹತ್ತು ಬಿಲ್ಲುಗಾರರನ್ನು ಕಂಡು ಹೆದರುವುದು ಈ ಲೆಕ್ಕ ಗೊತ್ತಿಲ್ಲದೆ.

ಇನ್ನೊಂದು ಲೆಕ್ಕ. ‘ಏಜ್ ಆಫ್ ಸಿಗ್ಮಾರ್’ ಎಂಬ ಆಟದಲ್ಲಿ ಶತ್ರುವಿನ ಮೇಲೆ ನುಗ್ಗಲು ಎರಡು ದಾಳ ಹಾಕಿ, ಬಿದ್ದಷ್ಟು ಇಂಚು ಓಡಬೇಕು. ಶತ್ರು ಒಂಬತ್ತು ಇಂಚು ದೂರದಲ್ಲಿದ್ದಾನೆ. ಎರಡು ದಾಳಕ್ಕೆ 36 ಸಾಧ್ಯತೆ. ಅದರಲ್ಲಿ ಒಂಬತ್ತೋ ಹೆಚ್ಚೋ ಬರುವುದು ಹತ್ತರಲ್ಲಿ ಮಾತ್ರ. ನೂರಕ್ಕೆ ಇಪ್ಪತ್ತೆಂಟು. ಅದೇ ಮೊದಲೇ ಎರಡು ಇಂಚು ಹತ್ತಿರ ಸರಿದಿದ್ದರೆ 36ರಲ್ಲಿ 21, ನೂರಕ್ಕೆ ಐವತ್ತೆಂಟು. ಎರಡು ಇಂಚಿನಿಂದ ಇಷ್ಟು ವ್ಯತ್ಯಾಸ! ಸಂಭವನೀಯತೆಯ ಪಾಠ ಮಾಡುವಾಗ ನಾನು ಚೀಲದಿಂದ ಕೆಂಪು ಚೆಂಡು, ನೀಲಿ ಚೆಂಡು ತೆಗೆಸುತ್ತೇನೆ. ಮಕ್ಕಳು ಮುಖ ನೋಡುತ್ತಾ ಕುಳಿತುಕೊಳ್ಳುತ್ತಾರೆ. ಈ ನುಗ್ಗುವ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಹಾಕಿದ ದಿನ ಹಿಂದಿನ ಬೆಂಚಿನಿಂದ ಕೈ ಎದ್ದಿತು. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ.

ಈಗ ಹಣದ ಮಾತು. ಇದರಲ್ಲಿ ನಿಧಾನ ಬೇಕು.

ಹುಡುಗ ಹೇಳಿದ ಎಪ್ಪತ್ತನಾಲ್ಕು ಬೊಂಬೆಗಳ ಪೆಟ್ಟಿಗೆ 2024ರ ಜುಲೈಯಲ್ಲಿ ಏಜ್ ಆಫ್ ಸಿಗ್ಮಾರ್‌ನ ನಾಲ್ಕನೆಯ ಆವೃತ್ತಿಯೊಂದಿಗೆ ಬಂದ ‘ಸ್ಕೇವನ್‌ಟೈಡ್’. ಬ್ರಿಟನ್ನಿನಲ್ಲಿ ಆಗ ಅದರ ಬೆಲೆ 160 ಪೌಂಡು ಇತ್ತು. ಆಗಿನ ದರದಲ್ಲಿ ಸುಮಾರು 17,000 ರೂಪಾಯಿ. ಈ ಆಟದ ಆವೃತ್ತಿಗಳು 2015, 2018, 2021, 2024 ಹೀಗೆ ಮೂರು ವರ್ಷಕ್ಕೊಮ್ಮೆ ಬಂದಿವೆ. ಮುಂದಿನದೂ ಇದೇ ಲಯದಲ್ಲಿ ಬಂದೀತೆಂದು ಹುಡುಗ ಈ ಪೆಟ್ಟಿಗೆಯ ಬೆಲೆಯನ್ನೇ ಅಂದಾಜಿಗೆ ಹಿಡಿದು ಈಗಿನಿಂದಲೇ ಹಣ ಕೂಡಿಡುತ್ತಿದ್ದಾನೆ. ಅವನ ಭಾಗಾಕಾರಕ್ಕೆ ನಾನು ಕೆಳಗೆ ಕೆಲವು ಸಾಲು ಸೇರಿಸಿದೆ.

ಮೊದಲ ಸಾಲು ಸುಂಕ. ಭಾರತಕ್ಕೆ ಬರುವ ಆಟಿಕೆಗಳ ಮೂಲ ಸೀಮಾಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ನಿಮ್ಮ ಪೆಟ್ಟಿಗೆಯನ್ನು ಆಟಿಕೆ ಎಂದು ಪರಿಗಣಿಸಿದರೆ ಆ ದರದಲ್ಲಿ 17,000ದ ಮೇಲೆ 11,900 ಸೇರಿ 28,900 ಆಯಿತು. ಸಾಗಣೆಯ ಖರ್ಚು, ಉಳಿದ ತೆರಿಗೆ ಬೇರೆ. ಒಂದು ಬೊಂಬೆಗೆ ಇನ್ನೂರ ಮೂವತ್ತು ಇದ್ದದ್ದು ಮುನ್ನೂರ ತೊಂಬತ್ತು ದಾಟಿತು. ಹಾಗಾಗಿ ಹೊರದೇಶದ ಅಂಗಡಿಯ ಬೆಲೆಯನ್ನು ರೂಪಾಯಿಗೆ ಬದಲಾಯಿಸಿ ನೋಡಿ ಸಮಾಧಾನಪಡಬೇಡಿ. ನಮ್ಮ ದೇಶದ ಮಾರಾಟಗಾರ ಎಲ್ಲ ಸೇರಿಸಿ ಹೇಳುವ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಸಾಲು ಪೆಟ್ಟಿಗೆಯಲ್ಲಿ ಇಲ್ಲದ ವಸ್ತುಗಳು: ಕಟ್ಟರ್, ಅಂಟು, ಕುಂಚ, ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವ ಪದರ), ಬಣ್ಣ. ಕಂಪನಿಯ ಹೆಚ್ಚಿನ ಬಣ್ಣದ ಡಬ್ಬಿಗಳಲ್ಲಿ ಇರುವುದು 12 ಮಿಲಿಲೀಟರ್. ಒಂದು ಸೈನ್ಯಕ್ಕೆ ಎಂಟು ಹತ್ತು ಬಣ್ಣವಾದರೂ ಬೇಕು. ಮೂರನೆಯದು ನಿಯಮಪುಸ್ತಕ. ಪೆಟ್ಟಿಗೆಯಲ್ಲಿ ಬಂದ ಪುಸ್ತಕ ಹೊಸ ಆವೃತ್ತಿ ಬಂದ ದಿನ ಹಳೆಯದಾಗುತ್ತದೆ. ಬೊಂಬೆ ಹಾಗಲ್ಲ, ಇಪ್ಪತ್ತು ವರ್ಷ ಕಳೆದರೂ ಮೇಜಿನ ಮೇಲೆ ನಿಲ್ಲುತ್ತದೆ. ಕೊಳ್ಳುವಾಗ ಈ ವ್ಯತ್ಯಾಸ ನೆನಪಿರಲಿ.

ನಾಲ್ಕನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಅದು ಹೊತ್ತು. ಹೊಸಬರಿಗೆ ಒಂದು ಬೊಂಬೆ ಜೋಡಿಸಿ ಬಣ್ಣ ಹಚ್ಚಲು ಒಂದೂವರೆ ಗಂಟೆ ಹಿಡಿಯಿರಿ. 74 ಬೊಂಬೆಗೆ 111 ಗಂಟೆ. ಆದಿತ್ಯವಾರ ಎರಡು ಗಂಟೆ ಕುಳಿತರೆ ಐವತ್ತಾರು ವಾರ, ಒಂದು ವರ್ಷಕ್ಕಿಂತ ಹೆಚ್ಚು. ಹತ್ತನೆಯ ತರಗತಿಯ ಪರೀಕ್ಷೆ ಅದರ ನಡುವೆ ಬರುತ್ತದೆ. ಈ ಸಾಲು ಓದಿದಾಗ ಹುಡುಗ ಮೊದಲ ಸಲ ಸುಮ್ಮನಾದ.

ಬೊಂಬೆಗೆ ಇಷ್ಟು ಬೆಲೆ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬಿ ಇವನ್ನು ಮಾಡುತ್ತಾರೆ. ಕೂದಲೆಳೆಯಷ್ಟು ಸೂಕ್ಷ್ಮ ಕೊರೆತವಿರುವ ಆ ಅಚ್ಚು ಮಾಡಿಸುವುದಕ್ಕೇ ದೊಡ್ಡ ಮೊತ್ತ ಬೇಕು. ಆಮೇಲೆ ಬೀಳುವ ಪ್ಲಾಸ್ಟಿಕ್ಕಿನ ಬೆಲೆ ತೀರಾ ಕಡಿಮೆ. ಶಿಲ್ಪಿಯ ಕೆಲಸ, ಅಚ್ಚಿನ ಖರ್ಚು, ಹೆಸರಿನ ಬೆಲೆ ಮೂರೂ ಸೇರಿ ಪೆಟ್ಟಿಗೆಯ ಬೆಲೆಯಾಗುತ್ತದೆ. ಆ ಹೆಸರಿಗೆ ನಾವು ತೆರುವ ಪಾಲು ಹೆಚ್ಚೇ ಎಂದು ನನ್ನ ಅಭಿಪ್ರಾಯ.

ಹೊಸ ಆಟಕ್ಕಾಗಿ ಕಾಯುವವರಿಗೆ ಒಂದು ನಿಜವಾದ ಕಥೆ ಹೇಳುತ್ತೇನೆ. 1983ರ ಹಳೆಯ ವಾರ್‌ಹ್ಯಾಮರ್ ಲೋಕವನ್ನು ಕಂಪನಿ 2015ರಲ್ಲಿ ಮುಗಿಸಿ, ಅದರ ಜಾಗದಲ್ಲಿ ಏಜ್ ಆಫ್ ಸಿಗ್ಮಾರ್ ತಂದಿತು. ಚೌಕದ ಪೀಠದ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದ ಸೈನಿಕರ ಜಾಗಕ್ಕೆ ದುಂಡು ಪೀಠದವರು ಬಂದರು. ಸೈನ್ಯಗಳನ್ನು ಮಾರಿಬಿಟ್ಟವರಿದ್ದಾರೆ, ಅಟ್ಟಕ್ಕೆ ಏರಿಸಿದವರಿದ್ದಾರೆ. 2019ರ ನವೆಂಬರ್‌ನಲ್ಲಿ ಹಳೆಯ ಲೋಕ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಿನಲ್ಲಿ ಮರಳಿ ಬರುತ್ತದೆಂದು ಪ್ರಕಟಣೆ ಬಂತು. ಪೆಟ್ಟಿಗೆ ಅಂಗಡಿಗೆ ಬಂದದ್ದು 2024ರ ಜನವರಿಯಲ್ಲಿ. ನಾಲ್ಕು ವರ್ಷ ಎರಡು ತಿಂಗಳು! ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗ ಕಾಲೇಜು ಸೇರಿರುತ್ತಾನೆ. ಆ ನಾಲ್ಕು ವರ್ಷ ಹಳೆಯ ನಿಯಮಗಳಲ್ಲೇ, ಕೈಯಲ್ಲಿದ್ದ ಬೊಂಬೆಗಳಲ್ಲೇ ಆಡುತ್ತಿದ್ದವರು ಹೊಸ ಪೆಟ್ಟಿಗೆ ಬಂದಾಗ ಚೌಕದ ಪೀಠದ ತಮ್ಮ ಸೈನ್ಯದೊಂದಿಗೆ ಸಿದ್ಧರಾಗಿದ್ದರು. ಪ್ರಕಟಣೆಯ ಚಿತ್ರ ನೋಡುತ್ತಲೇ ಕಾಲ ಕಳೆದವರ ಕೈಗೆ ಆ ಅಭ್ಯಾಸ ಸಿಗಲಿಲ್ಲ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು? ‘ಒನ್ ಪೇಜ್ ರೂಲ್ಸ್’ ಎಂಬವರು ತಮ್ಮ ಮೂಲ ನಿಯಮಗಳನ್ನು ಉಚಿತವಾಗಿ ಕೊಡುತ್ತಾರೆ. ಯಾವ ಕಂಪನಿಯ ಬೊಂಬೆಯಾದರೂ ಆಗುತ್ತದೆ. 2015ರಲ್ಲಿ ಬಂದ ‘ಫ್ರಾಸ್ಟ್‌ಗ್ರೇವ್’ ಎಂಬ ಆಟಕ್ಕೆ ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಎಂಟು ಮಂದಿ ಸಿಪಾಯಿಗಳು, ಒಂದು ಕಡೆಗೆ ಹತ್ತೇ ಬೊಂಬೆ ಸಾಕು. ‘ಕಿಂಗ್ಸ್ ಆಫ್ ವಾರ್’ನಲ್ಲಿ ಇಡೀ ತುಕಡಿಯೇ ಒಂದು ಘಟಕ, ಒಬ್ಬೊಬ್ಬನನ್ನೇ ಎತ್ತಿಡುವ ಕೆಲಸವಿಲ್ಲ, ಆದ್ದರಿಂದ ಪೀಠದ ಮೇಲೆ ಬೊಂಬೆ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ಕಾಗದದ ಮೇಲೆ ಚಿತ್ರ ಬಿಡಿಸಿ ರಟ್ಟಿಗೆ ಅಂಟಿಸಿ ನಿಲ್ಲಿಸಿದರೂ ಸೈನಿಕನೇ. ತ್ರೀಡಿ ಪ್ರಿಂಟರಿನಲ್ಲಿ ರಾಳದ ಬೊಂಬೆ ಮಾಡಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಗಟ್ಟಿಯಾಗದ ರಾಳ ಚರ್ಮಕ್ಕೆ ಕೆಟ್ಟದ್ದು; ಕೈಗವಸು ಬೇಕು, ಗಾಳಿಯಾಡುವ ಕೋಣೆ ಬೇಕು, ತೊಳೆದ ದ್ರವವನ್ನು ಬಚ್ಚಲಿಗೆ ಚೆಲ್ಲಬಾರದು. ಮಕ್ಕಳಷ್ಟೇ ಇರುವಾಗ ಅದನ್ನು ಅವರ ಕೈಗೆ ಕೊಡಬೇಡಿ.

ಯುದ್ಧಭೂಮಿಗಂತೂ ನಮ್ಮ ಊರಿನಲ್ಲಿ ಹಣ ಕೊಡಲೇಬಾರದು. ಕೆಂಪುಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿದರೆ ಅದಕ್ಕಿಂತ ಚೆಂದದ ಬಂಡೆ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಆ ತೂತು ತೂತಾದ ಮೈಗೆ ಬಣ್ಣವೂ ಬೇಡ. ಕವುಚಿ ಹಾಕಿದ ಗೆರಟೆ ಒಂದು ಗುಡ್ಡ. ಅಡಿಕೆ ಹಾಳೆ ಕತ್ತರಿಸಿದರೆ ಮರದ ಹಲಗೆಯಂತೆ ಕಾಣುವ ಗೋಡೆ. ತೆಂಗಿನ ನಾರಿಗೆ ಹಸಿರು ಬಣ್ಣ ಹಚ್ಚಿದರೆ ಕಾಡು. ಪೀಠದ ಮೇಲೆ ಉದುರಿಸಲು ಕಣ್ವತೀರ್ಥದ ಕಡಲ ಮರಳು ಬಳಸುವುದಾದರೆ ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು ಒಣಗಿಸಿ. ಉಪ್ಪು ಉಳಿದರೆ ತೇವ ಎಳೆಯುತ್ತದೆ, ಅಂಟು ಹಿಡಿಯುವುದಿಲ್ಲ.

ತೇವದ ಮಾತು ಬಂದದ್ದರಿಂದ ಬಣ್ಣದ ಬಗ್ಗೆ ಹೇಳಿಬಿಡುತ್ತೇನೆ. ಹೊರಗಿನ ಪುಸ್ತಕಗಳಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಿರಿ ಎಂದು ಬರೆದಿರುತ್ತದೆ. ಅದು ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ. ಗಾಳಿಯಲ್ಲಿ ತೇವವಿದ್ದರೆ ಪ್ರೈಮರ್ ಬೊಂಬೆಯ ಮೇಲೆ ಕೂರುವ ಮೊದಲೇ ಪುಡಿಯಂತಾಗಿ, ಮೈಯೆಲ್ಲ ರವೆ ಅಂಟಿದಂತೆ ಆಗುತ್ತದೆ. ನಾನು ಒಂದು ಜುಲೈ ತಿಂಗಳಿನಲ್ಲಿ ಆರು ಬೊಂಬೆಗಳ ಮುಖವನ್ನು ಹಾಗೆ ಕಳೆದುಕೊಂಡೆ. ದೀಪಾವಳಿ ಕಳೆದ ಮೇಲೆ ಒಣ ಮಧ್ಯಾಹ್ನ ನೋಡಿ ಹೊಡೆಯಿರಿ. ಇಲ್ಲವೇ ಕುಂಚದಿಂದ ಹಚ್ಚುವ ಪ್ರೈಮರ್ ತನ್ನಿ.

ಪ್ರೈಮರ್ ಒಣಗಿದ ಮೇಲಿನ ಕೆಲಸ ಚೌಕಿಯ ಕೆಲಸದಂತೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಮೊದಲು ಮುಖಕ್ಕೆ ತಳಬಣ್ಣ ಬಳಿದು, ಆಮೇಲೆ ಗೆರೆ, ಕೊನೆಗೆ ಚುಟ್ಟಿ ಇಡುವುದನ್ನು ನೋಡಿದವರಿಗೆ ಕ್ರಮ ಬೇಗ ಅರ್ಥವಾಗುತ್ತದೆ. ಬಣ್ಣಕ್ಕೆ ಒಂದೆರಡು ಹನಿ ನೀರು ಸೇರಿಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ದಪ್ಪದ ಒಂದು ಪದರದ ಬದಲು ತೆಳುವಾದ ಎರಡು ಪದರ ಹಚ್ಚಿ. ಒಣಗಿದ ಮೇಲೆ ಕಂದು ಬಣ್ಣವನ್ನು ನೀರಿನಂತೆ ಮಾಡಿ ಇಡೀ ಬೊಂಬೆಯ ಮೇಲೆ ಹರಿಸಿ. ಅದು ತಾನಾಗಿಯೇ ನೆರಿಗೆಗಳಿಗೆ, ಕವಚದ ಸಂದುಗಳಿಗೆ, ಬೆರಳುಗಳ ನಡುವೆ ಇಳಿಯುತ್ತದೆ. ಇಷ್ಟು ಹೊತ್ತು ಪ್ಲಾಸ್ಟಿಕ್ಕಾಗಿದ್ದ ಮುಖದಲ್ಲಿ ಕಣ್ಣಿನ ಗುಳಿ, ಕೆನ್ನೆಯ ಮೂಳೆ ಕಾಣತೊಡಗುತ್ತವೆ. ಕೊನೆಗೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಚೂರನ್ನು ಉಬ್ಬಿದ ಅಂಚುಗಳ ಮೇಲೆ ಮಾತ್ರ ಸವರಿ. ಬೆಳಕು ಬಿದ್ದಂತೆ ಆಗುತ್ತದೆ. ಮೊದಲ ಬೊಂಬೆಗೆ ಕಣ್ಣುಗುಡ್ಡೆ ಬರೆಯಲು ಹೋಗಬೇಡಿ, ನೆರಳು ಸಾಕು. ಅಭ್ಯಾಸಕ್ಕೆ ನಮ್ಮ ಅಂಗಡಿಗಳಲ್ಲಿ ಸಿಗುವ ವಿದ್ಯಾರ್ಥಿಗಳ ಅಕ್ರಿಲಿಕ್ ಬಣ್ಣವೇ ಆಗುತ್ತದೆ, ಸ್ವಲ್ಪ ಹೆಚ್ಚು ಪದರ ಬೇಕಾಗುತ್ತದೆ ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ನಾನು ಕೊಟ್ಟ ಉತ್ತರ ಇದು: ಹಣ ಕೂಡಿಡುವುದನ್ನು ನಿಲ್ಲಿಸಬೇಡ, ಆದರೆ ಮೂರು ಯುದ್ಧ ಆಡುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ. ಆ ಮೂರು ಯುದ್ಧಗಳಿಗೆ ಒಂದು ಸಣ್ಣ ನಿಯಮಾವಳಿಯನ್ನು ಅವನ ಪುಸ್ತಕದಲ್ಲೇ ಬರೆದುಕೊಟ್ಟೆ. ನಿಮಗೂ ಇರಲಿ.

ಮೂರಡಿ ಚೌಕದ ಜಾಗ. ಎರಡೂ ಕಡೆಗೆ ಹತ್ತು ಹತ್ತು ಬಾಟಲಿ ಮುಚ್ಚಳ, ಎರಡು ಬಣ್ಣದವು. ಮುಚ್ಚಳದ ಮೇಲೆ ಕಾಗದ ಅಂಟಿಸಿ ಬರೆಯಿರಿ: ಐದು ಕಾಲಾಳು, ಮೂರು ಬಿಲ್ಲು, ಎರಡು ಕುದುರೆ. ಕಾಲಾಳು, ಬಿಲ್ಲುಗಾರ ಸರದಿಗೆ ನಾಲ್ಕು ಇಂಚು, ಕುದುರೆ ಎಂಟು. ಬಾಣ ಹನ್ನೆರಡು ಇಂಚು ಹೋಗುತ್ತದೆ. ನಡುವೆ ಗೆರಟೆಯ ಗುಡ್ಡವಿದ್ದರೆ ಹೋಗುವುದಿಲ್ಲ. ಒಂದು ಇಂಚಿನೊಳಗೆ ಬಂದರೆ ಕಾದಾಟ. ಬಾಣವಾಗಲಿ ಕತ್ತಿಯಾಗಲಿ, ನಾಲ್ಕು ಅಥವಾ ಹೆಚ್ಚು ಬಿದ್ದರೆ ಪೆಟ್ಟು. ಎದುರಾಳಿಗೆ ಐದೋ ಆರೋ ಬಿದ್ದರೆ ಬಚಾವು. ಕುದುರೆ ನುಗ್ಗಿ ಬಂದ ಸರದಿಯಲ್ಲಿ ಮಾತ್ರ ಎರಡು ದಾಳ. ಆರು ಸರದಿಯ ಕೊನೆಗೆ ಮಧ್ಯದಲ್ಲಿಟ್ಟ ಒಂದು ಕೆಂಪುಕಲ್ಲಿನ ಹತ್ತಿರ ಯಾರ ಮುಚ್ಚಳ ಹೆಚ್ಚಿದೆಯೋ ಅವರು ಗೆದ್ದರು. ಎರಡನೆಯ ಯುದ್ಧದಲ್ಲಿ ಕಾಲಾಳಿಗೆ ಹತ್ತು, ಬಿಲ್ಲಿಗೆ ಹನ್ನೆರಡು, ಕುದುರೆಗೆ ಇಪ್ಪತ್ತು ಪಾಯಿಂಟು ಹಿಡಿದು, ನೂರಿಪ್ಪತ್ತೈದರೊಳಗೆ ನೀವೇ ಸೈನ್ಯ ಆರಿಸಿಕೊಳ್ಳಿ. ಯಾವುದರ ಬೆಲೆ ತಪ್ಪಾಗಿದೆ ಎನಿಸಿದರೆ ಇಬ್ಬರೂ ಒಪ್ಪಿ ಮೂರನೆಯ ಯುದ್ಧಕ್ಕೆ ಬದಲಾಯಿಸಿ.

ಜೊತೆಗಾರನ ವಿಷಯವೂ ಇದೆ. ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತಾ ಜಗಳಕ್ಕಿಳಿಯುತ್ತಾರೆ, ಅದು ಸಾವಿನಲ್ಲಿ ಮುಗಿಯುತ್ತದೆ. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂದು ಹಿರಿಯರು ಹೇಳುವುದು ಅದಕ್ಕೇ. ಇಂಚು ಅಳೆಯುವ ಆಟದಲ್ಲಿ ಜಗಳಕ್ಕೆ ಜಾಗ ಇನ್ನೂ ಹೆಚ್ಚು. ಟೇಪನ್ನು ಇಬ್ಬರೂ ಹಿಡಿಯಿರಿ. ನಿಯಮದಲ್ಲಿ ಸಂಶಯ ಬಂದರೆ ಒಂದು ದಾಳ ಹಾಕಿ ಆ ಹೊತ್ತಿಗೆ ತೀರ್ಮಾನಿಸಿ, ಪುಸ್ತಕವನ್ನು ಆಟ ಮುಗಿದ ಮೇಲೆ ತೆರೆಯಿರಿ.

ಹುಡುಗ ಮೊನ್ನೆ ಮುಚ್ಚಳಗಳ ತೊಟ್ಟೆ ತಂದು ತೋರಿಸಿದ. ಹದಿನೇಳು ಸಿಕ್ಕಿದೆಯಂತೆ, ಇನ್ನು ಮೂರು ಬೇಕು. ಈ ಶನಿವಾರ ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ಮೊದಲ ಯುದ್ಧ. ಎದುರಾಳಿ ಅವನ ತಂಗಿ. ಕುದುರೆ ಎರಡೂ ತನ್ನದು ಬಿಳಿಯೇ ಆಗಬೇಕೆಂದು ಅವಳು ಈಗಲೇ ಹೇಳಿ ಕಳಿಸಿದ್ದಾಳೆ. ಟೇಪು ನಾನು ತೆಗೆದಿಟ್ಟಿದ್ದೇನೆ.